ಓದುಗರ ಪ್ರಶ್ನೆ, ನಮ್ಮ ಉತ್ತರ: ಕ್ಯಾನ್ಸರ್ ಸಂಶೋಧಕರ ಉಲ್ಲೇಖಗಳ ಲೆಕ್ಕವನ್ನು ಓದುವ ಬಗೆ

ಪ್ರಶ್ನೆ: ಒಬ್ಬ ಕ್ಯಾನ್ಸರ್ ಸಂಶೋಧಕರ ಪರಿಚಯದಲ್ಲಿ 310 ಪ್ರಬಂಧಗಳು, 21,000 ಉಲ್ಲೇಖಗಳು, ಎಚ್-ಇಂಡೆಕ್ಸ್ 68 ಎಂದು ಬರೆದಿತ್ತು. ಈ ಅಂಕಿಗಳ ಅರ್ಥವೇನು? 68 ಎನ್ನುವುದು ದೊಡ್ಡ ಸಂಖ್ಯೆಯೇ?

ಉತ್ತರ: ಸಂಶೋಧನಾ ಪ್ರಬಂಧ ಬರೆಯುವವರು ತಾವು ಆಧಾರವಾಗಿ ಬಳಸಿದ, ಒಪ್ಪಿದ ಅಥವಾ ಖಂಡಿಸಿದ ಹಿಂದಿನ ಪ್ರಬಂಧಗಳನ್ನು ಕೊನೆಯಲ್ಲಿ ಪಟ್ಟಿ ಮಾಡುತ್ತಾರೆ. ಆ ಪಟ್ಟಿಯಲ್ಲಿ ಒಂದು ಪ್ರಬಂಧ ಕಾಣಿಸಿಕೊಂಡರೆ ಅದಕ್ಕೆ ಒಂದು ಉಲ್ಲೇಖ ದೊರೆತಂತೆ. ತಪ್ಪನ್ನು ಎತ್ತಿ ತೋರಿಸಲೆಂದೇ ಹೆಸರಿಸಿದ್ದರೂ ಲೆಕ್ಕದಲ್ಲಿ ಭೇದವಿಲ್ಲ. ಇಂತಹ ಪಟ್ಟಿಗಳನ್ನೆಲ್ಲ ಒಂದೆಡೆ ಸೇರಿಸಿ, ಯಾವ ಪ್ರಬಂಧವನ್ನು ಮುಂದೆ ಯಾರು ಬಳಸಿದರೆಂದು ಹುಡುಕಿಕೊಡುವ ಸೂಚಿಯೊಂದು ಬೇಕೆಂಬ ವಿಚಾರವನ್ನು ಯುಜೀನ್ ಗಾರ್ಫೀಲ್ಡ್ 1955ರಲ್ಲಿ ಮುಂದಿಟ್ಟರು, ಮತ್ತು 1964ರಲ್ಲಿ ಅವರ ಸಂಸ್ಥೆಯಿಂದ ಸೈನ್ಸ್ ಸೈಟೇಶನ್ ಇಂಡೆಕ್ಸ್ ಹೊರಬಂದಿತು. ಅದು ಪ್ರಬಂಧಗಳನ್ನು ಹುಡುಕಲು ಹುಟ್ಟಿದ ಸಾಧನ. ಅದರಿಂದ ಮನುಷ್ಯರನ್ನು ಅಳೆಯುವ ರೂಢಿ ಆಮೇಲೆ ಬೆಳೆಯಿತು.

ಎಚ್-ಇಂಡೆಕ್ಸ್ ಅನ್ನು ಸೂಚಿಸಿದವರು ಭೌತವಿಜ್ಞಾನಿ ಹೋರ್ಹೆ ಹಿರ್ಷ್, 2005ರಲ್ಲಿ. ಒಬ್ಬರ ಪ್ರಬಂಧಗಳಲ್ಲಿ 68 ಪ್ರಬಂಧಗಳಿಗೆ ತಲಾ 68 ಅಥವಾ ಅದಕ್ಕಿಂತ ಹೆಚ್ಚು ಉಲ್ಲೇಖಗಳಿದ್ದು, ತಲಾ 69 ಉಲ್ಲೇಖಗಳಿರುವ 69 ಪ್ರಬಂಧಗಳು ಇಲ್ಲದಿದ್ದರೆ ಅವರ ಎಚ್-ಇಂಡೆಕ್ಸ್ 68. ನೀವು ಕೊಟ್ಟ ಅಂಕಿಗಳನ್ನೇ ಸ್ವಲ್ಪ ಕೆದಕಿ ನೋಡೋಣ. 68 ಪ್ರಬಂಧಗಳಿಗೆ ತಲಾ 68ರಂತೆ ಬೇಕಾಗುವುದು 4,624 ಉಲ್ಲೇಖಗಳು ಮಾತ್ರ. ಒಟ್ಟು 21,000ದಲ್ಲಿ ಉಳಿದ 16,376 ಉಲ್ಲೇಖಗಳು ಹತ್ತಾರು ಪ್ರಬಂಧಗಳಲ್ಲಿ ಹಂಚಿಹೋಗಿರಬಹುದು, ಇಲ್ಲವೇ ಒಂದೆರಡು ಪ್ರಬಂಧಗಳಿಗೇ ಬಂದಿರಬಹುದು. ಈ ಎರಡರಲ್ಲಿ ಯಾವುದೆಂದು ಪರಿಚಯದ ಸಾಲು ಹೇಳುವುದಿಲ್ಲ, ನಿಜವಾಗಿ ಕೇಳಬೇಕಾದ ಪ್ರಶ್ನೆಯಾದರೋ ಅದೇ.

68 ದೊಡ್ಡದೇ ಎಂಬುದು ಕ್ಷೇತ್ರವನ್ನೂ ವಯಸ್ಸನ್ನೂ ಅವಲಂಬಿಸಿದೆ. ಹಿರ್ಷ್ ಅವರ ಮೂಲ ಪ್ರಬಂಧದಲ್ಲೇ ಭೌತವಿಜ್ಞಾನಿ ಎಡ್ವರ್ಡ್ ವಿಟ್ಟನ್ ಅವರ ಸೂಚ್ಯಂಕ 110 ಎಂದಿದ್ದರೆ, ಜೀವವಿಜ್ಞಾನದ ಸಾಲಮನ್ ಸ್ನೈಡರ್ ಅವರದು 191 ಎಂದಿತ್ತು. ಜೀವವೈದ್ಯಕೀಯ ಕ್ಷೇತ್ರಗಳಲ್ಲಿ ಪ್ರಬಂಧಗಳೂ ಹೆಚ್ಚು, ಪ್ರತಿ ಪ್ರಬಂಧದ ಕೊನೆಯ ಪಟ್ಟಿಯೂ ಉದ್ದ. ಆದ್ದರಿಂದ ಕ್ಯಾನ್ಸರ್ ಸಂಶೋಧಕರನ್ನು ಗಣಿತಜ್ಞರೊಂದಿಗೆ ಹೋಲಿಸಿದರೆ ಅನ್ಯಾಯವಾಗುವುದು ಗಣಿತಜ್ಞರಿಗೆ. ಮೇಲಾಗಿ ಈ ಸೂಚ್ಯಂಕ ಸಾಮಾನ್ಯವಾಗಿ ಏರುತ್ತದೆಯೇ ಹೊರತು ಇಳಿಯುವುದಿಲ್ಲ, ಸಂಶೋಧಕರು ನಿವೃತ್ತರಾದ ಮೇಲೂ.

ಪ್ರಶ್ನೆ: ಅದೇ ವ್ಯಕ್ತಿಗೆ ಗೂಗಲ್ ಸ್ಕಾಲರ್, ಸ್ಕೋಪಸ್, ವೆಬ್ ಆಫ್ ಸೈನ್ಸ್ ಮೂರರಲ್ಲೂ ಬೇರೆ ಬೇರೆ ಸಂಖ್ಯೆಗಳಿವೆ. ಯಾವುದು ಸರಿ?

ಉತ್ತರ: ಪ್ರಬಂಧಗಳನ್ನೂ ಅವುಗಳ ಉಲ್ಲೇಖಗಳನ್ನೂ ದಾಖಲಿಸುವ ಈ ಮೂರೂ ತಾಣಗಳು ತಮ್ಮ ತಮ್ಮ ಸಂಗ್ರಹದೊಳಗೆ ಎಣಿಸುತ್ತವೆ. ಗೂಗಲ್ ಸ್ಕಾಲರ್ ಪಿಎಚ್‌ಡಿ ಮಹಾಪ್ರಬಂಧ, ಪುಸ್ತಕ, ಪ್ರಿಪ್ರಿಂಟ್‌ಗಳನ್ನೂ (ಜರ್ನಲ್‌ನಲ್ಲಿ ಪ್ರಕಟವಾಗುವ ಮೊದಲೇ ಹಂಚಿಕೊಂಡ ಪ್ರಬಂಧಗಳನ್ನೂ) ಒಳಗೊಳ್ಳುವುದರಿಂದ ಅಲ್ಲಿನ ಅಂಕಿ ಸಾಮಾನ್ಯವಾಗಿ ಹೆಚ್ಚಿರುತ್ತದೆ. ಉಳಿದೆರಡು ಆಯ್ದ ಜರ್ನಲ್‌ಗಳಿಗೆ ಹೆಚ್ಚಾಗಿ ಸೀಮಿತ. ಒಂದೇ ಹೆಸರಿನವರ ಪ್ರಬಂಧಗಳು ಒಬ್ಬರ ಖಾತೆಯಲ್ಲೇ ಬೆರೆತುಹೋಗುವ ತೊಂದರೆಯೂ ಉಂಟು, ಅದಕ್ಕಾಗಿಯೇ 2012ರಿಂದ ಆರ್ಕಿಡ್ ಎಂಬ 16 ಅಂಕಿಗಳ ಗುರುತಿನ ಸಂಖ್ಯೆ ಬಳಕೆಯಲ್ಲಿದೆ. ಇಬ್ಬರನ್ನು ಹೋಲಿಸುವುದಾದರೆ ಒಂದೇ ಮೂಲದಿಂದ, ಒಂದೇ ದಿನ ತೆಗೆದ ಅಂಕಿಗಳನ್ನು ಬಳಸಿದರೆ ಸಾಕು.

ಪ್ರಶ್ನೆ: ಹೆಚ್ಚು ಉಲ್ಲೇಖ ಪಡೆದವರೇ ಹೆಚ್ಚು ಮಹತ್ವದ ಕೆಲಸ ಮಾಡಿದವರೆಂದು ಭಾವಿಸಬಹುದೇ?

ಉತ್ತರ: ಭಾವಿಸುವ ಮೊದಲು ಆ ಉಲ್ಲೇಖಗಳು ಎಂತಹ ಪ್ರಬಂಧಗಳಿಗೆ ಬಂದಿವೆ ಎಂದು ನೋಡಬೇಕು. ಕ್ಯಾನ್ಸರ್ ಕ್ಷೇತ್ರದಲ್ಲಿ ಕೆಲವು ಬಗೆಯ ಬರಹಗಳು ತಮ್ಮ ಸ್ವಭಾವದಿಂದಲೇ ಉಲ್ಲೇಖಗಳನ್ನು ಸೆಳೆಯುತ್ತವೆ.

ಮೊದಲನೆಯದು ಸಮೀಕ್ಷಾ ಲೇಖನ, ಅಂದರೆ ಈಗಾಗಲೇ ನಡೆದ ಸಂಶೋಧನೆಗಳನ್ನು ಒಟ್ಟುಗೂಡಿಸಿ ಬರೆದದ್ದು. ಡಗ್ಲಸ್ ಹ್ಯಾನಹನ್ ಮತ್ತು ರಾಬರ್ಟ್ ವೈನ್‌ಬರ್ಗ್ 2000ದಲ್ಲಿ ಸೆಲ್ ಜರ್ನಲ್‌ನಲ್ಲಿ ಕ್ಯಾನ್ಸರ್ ಕೋಶದ ಆರು ಮೂಲ ಲಕ್ಷಣಗಳನ್ನು ವಿವರಿಸಿ ಬರೆದ ಲೇಖನವೂ, 2011ರಲ್ಲಿ ಅದನ್ನು ವಿಸ್ತರಿಸಿ ಬರೆದ ಲೇಖನವೂ ಈ ಕ್ಷೇತ್ರದಲ್ಲಿ ಅತಿ ಹೆಚ್ಚು ಉಲ್ಲೇಖ ಪಡೆದವುಗಳ ಸಾಲಿನಲ್ಲಿವೆ. ಅವುಗಳಲ್ಲಿ ಹೊಸ ಪ್ರಯೋಗವಿಲ್ಲ, ಚದುರಿದ್ದ ತಿಳಿವಳಿಕೆಗೆ ಒಂದು ಚೌಕಟ್ಟು ಕೊಟ್ಟದ್ದೇ ಅವುಗಳ ಕೊಡುಗೆ. ಅದನ್ನು ಸಣ್ಣದೆಂದು ನಾವು ಎಣಿಸುವುದಿಲ್ಲ. ಆದರೆ ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ದುಡಿದು ಒಂದು ಜೀನ್‌ನ ಕಾರ್ಯವನ್ನು ಕಂಡುಕೊಂಡ ಪ್ರಬಂಧದ ಉಲ್ಲೇಖಗಳನ್ನೂ ಇವನ್ನೂ ಒಂದೇ ರಾಶಿಗೆ ಹಾಕಿ ಕೂಡಿಸಿದರೆ ಬರುವ ಮೊತ್ತಕ್ಕೆ ಅರ್ಥ ಕಡಿಮೆ.

ಎರಡನೆಯದು ಅಂಕಿಅಂಶದ ವರದಿ. ಕ್ಯಾನ್ಸರ್ ಕುರಿತ ಬಹುತೇಕ ಪ್ರಬಂಧಗಳ ಮೊದಲ ವಾಕ್ಯ ರೋಗಿಗಳ ಹಾಗೂ ಸಾವುಗಳ ಸಂಖ್ಯೆಯನ್ನು ಹೇಳುತ್ತದೆ, ಆ ವಾಕ್ಯಕ್ಕೆ ಆಧಾರವಾಗಿ ವಾರ್ಷಿಕ ವರದಿಯೊಂದನ್ನು ಹೆಸರಿಸುತ್ತದೆ. ಅಮೆರಿಕನ್ ಕ್ಯಾನ್ಸರ್ ಸೊಸೈಟಿ ಪ್ರಕಟಿಸುವ, ಇಂತಹ ವರದಿಗಳು ಬರುವ ಸಿಎ ಎಂಬ ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ (ಅದರ ಲೇಖನವೊಂದಕ್ಕೆ ಸರಾಸರಿ ದೊರೆಯುವ ಉಲ್ಲೇಖಗಳ ಅಳತೆ) ಇತ್ತೀಚಿನ ವರ್ಷಗಳಲ್ಲಿ 200ಕ್ಕೂ ಮೇಲಿರುವುದು ಮುಖ್ಯವಾಗಿ ಈ ಕಾರಣದಿಂದ. ಪ್ರಯೋಗವಿಧಾನಗಳದ್ದೂ ಇದೇ ಕಥೆ: ಪ್ರೋಟೀನಿನ ಪ್ರಮಾಣವನ್ನು ಅಳೆಯುವ ವಿಧಾನದ ಕುರಿತು ಆಲಿವರ್ ಲೌರಿ ಮತ್ತು ಸಂಗಡಿಗರು 1951ರಲ್ಲಿ ಬರೆದ ಪ್ರಬಂಧ ಮೂರು ಲಕ್ಷಕ್ಕೂ ಹೆಚ್ಚು ಉಲ್ಲೇಖ ಪಡೆದಿದೆ.

ಮೂರನೆಯದು ಬಹುಕೇಂದ್ರ ಚಿಕಿತ್ಸಾ ಪ್ರಯೋಗ. ಹಲವು ಆಸ್ಪತ್ರೆಗಳು ಸೇರಿ ಹೊಸ ಔಷಧವೊಂದನ್ನು ಪರೀಕ್ಷಿಸಿದಾಗ ಪ್ರಬಂಧದಲ್ಲಿ ಹತ್ತಾರು ಹೆಸರುಗಳಿರುತ್ತವೆ, ಪ್ರತಿಯೊಬ್ಬರ ಖಾತೆಗೂ ಉಲ್ಲೇಖಗಳು ಪೂರ್ಣವಾಗಿ ಸೇರುತ್ತವೆ. ಜೀವವೈದ್ಯಕೀಯ ಪ್ರಬಂಧಗಳಲ್ಲಿ ವಾಡಿಕೆಯಂತೆ ಮೊದಲ ಹೆಸರು ಕೆಲಸವನ್ನು ಮುಖ್ಯವಾಗಿ ಮಾಡಿದವರದು, ಕೊನೆಯ ಹೆಸರು ಪ್ರಯೋಗಾಲಯದ ಮುಖ್ಯಸ್ಥರದು. ಎಚ್-ಇಂಡೆಕ್ಸ್‌ಗೆ ಮೊದಲನೆಯವರೂ ಇಪ್ಪತ್ತಮೂರನೆಯವರೂ ಸಮಾನರು. ಆದುದರಿಂದ ಒಬ್ಬರ ಹತ್ತು ಪ್ರಮುಖ ಪ್ರಬಂಧಗಳನ್ನು ತೆರೆದು, ಅವರ ಹೆಸರು ಯಾವ ಸ್ಥಾನದಲ್ಲಿದೆ ಎಂದು ನೋಡುವ ಕೆಲಸವು ಎಷ್ಟೋ ಸೂಚ್ಯಂಕಗಳಿಗಿಂತ ಹೆಚ್ಚು ತಿಳಿಸುತ್ತದೆ.

ಇದಕ್ಕೆ ವಿರುದ್ಧವಾದ ಅನ್ಯಾಯವೂ ಇದೆ. ಸ್ತನ ಅಥವಾ ಶ್ವಾಸಕೋಶದ ಕ್ಯಾನ್ಸರ್ ಕುರಿತು ಕೆಲಸ ಮಾಡುವವರು ಸಾವಿರಾರು, ಮಕ್ಕಳಲ್ಲಿ ಅಪರೂಪಕ್ಕೆ ಕಾಣುವ ಗಡ್ಡೆಯೊಂದನ್ನು ಅಭ್ಯಸಿಸುವವರು ಬೆರಳೆಣಿಕೆಯಷ್ಟು. ಉಲ್ಲೇಖಿಸುವವರೇ ಕಡಿಮೆಯಿರುವಾಗ ಉಲ್ಲೇಖ ಎಲ್ಲಿಂದ ಬರಬೇಕು? ಈ ಅಂತರವನ್ನು ಸರಿದೂಗಿಸಲು ಪ್ರಬಂಧವನ್ನು ಅದೇ ಕ್ಷೇತ್ರದ, ಅದೇ ಕಾಲದ ಇತರ ಪ್ರಬಂಧಗಳೊಡನೆ ಹೋಲಿಸುವ ಮಾಪನಗಳಿವೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಬಳಸುವ ಸಾಪೇಕ್ಷ ಉಲ್ಲೇಖ ಅನುಪಾತ ಅಂತಹದ್ದು. ಅದರಲ್ಲಿ 1 ಎಂದರೆ ಆ ಸಂಸ್ಥೆಯ ಅನುದಾನದಿಂದ ನಡೆದ ಸರಾಸರಿ ಪ್ರಬಂಧದ ಮಟ್ಟ, 2 ಎಂದರೆ ಅದರ ಎರಡರಷ್ಟು. ಸಿಗುವಲ್ಲೆಲ್ಲ ಇದನ್ನೇ ನೋಡುವುದು ಲೇಸು. ಆದರೆ ಕೆಲಸವೊಂದರ ಮಹತ್ವ ಗುರುತಾಗಲು ಬೇಕಾದ ಕಾಲವನ್ನು ಯಾವ ಅನುಪಾತವೂ ತುಂಬಿಕೊಡಲಾರದು. ಕೋಳಿಯಲ್ಲಿ ಕಾಣುವ ಸಾರ್ಕೋಮಾ ಎಂಬ ಕ್ಯಾನ್ಸರ್ ಗಡ್ಡೆ ವೈರಸ್‌ನಿಂದ ಹರಡುತ್ತದೆಂದು ಪೇಟನ್ ರೌಸ್ ತೋರಿಸಿದ್ದು 1911ರಲ್ಲಿ. ಅದಕ್ಕೆ ನೊಬೆಲ್ ಬಹುಮಾನ ಬಂದದ್ದು 1966ರಲ್ಲಿ.

ಪ್ರಶ್ನೆ: ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ ಹೆಚ್ಚಿದ್ದರೆ ಅದರಲ್ಲಿ ಬಂದ ಪ್ರಬಂಧವೂ ಹೆಚ್ಚಿನದಲ್ಲವೇ?

ಉತ್ತರ: ಅಲ್ಲ. ಹಿಂದಿನ ಎರಡು ವರ್ಷಗಳಲ್ಲಿ ಆ ಜರ್ನಲ್‌ನಲ್ಲಿ ಬಂದ ಲೇಖನಗಳಿಗೆ ಈ ವರ್ಷ ದೊರೆತ ಉಲ್ಲೇಖಗಳನ್ನು ಲೇಖನಗಳ ಸಂಖ್ಯೆಯಿಂದ ಭಾಗಿಸಿದ ಸರಾಸರಿ ಅದು. ನಾರ್ವೆಯ ಕ್ಯಾನ್ಸರ್ ಸಂಶೋಧಕ ಪೆರ್ ಸೆಗ್ಲೆನ್ 1992ರಲ್ಲಿ ತೋರಿಸಿದಂತೆ ಜರ್ನಲ್ ಒಂದರ ಸುಮಾರು ಶೇ 15ರಷ್ಟು ಲೇಖನಗಳೇ ಅದರ ಅರ್ಧದಷ್ಟು ಉಲ್ಲೇಖಗಳನ್ನು ತಂದುಕೊಡುತ್ತವೆ. ಸರಾಸರಿಯ ಕೀರ್ತಿಯಲ್ಲಿ ಉಳಿದವು ಪಾಲು ಪಡೆಯುತ್ತವೆ. ವ್ಯಕ್ತಿಗಳ ನೇಮಕ, ಬಡ್ತಿ, ಅನುದಾನಗಳ ತೀರ್ಮಾನಕ್ಕೆ ಇದನ್ನು ಬಳಸಬಾರದೆಂದು 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರೂಪುಗೊಂಡು ಮರುವರ್ಷ ಪ್ರಕಟವಾದ ಘೋಷಣೆ ಸ್ಪಷ್ಟವಾಗಿ ಹೇಳಿದೆ.

ಪ್ರಶ್ನೆ: ಸಾವಿರ ಜನ ಉಲ್ಲೇಖಿಸಿದ್ದಾರೆಂದರೆ ಆ ಫಲಿತಾಂಶವನ್ನು ನಂಬಬಹುದಲ್ಲವೇ?

ಉತ್ತರ: ಕ್ಯಾನ್ಸರ್ ಸಂಶೋಧನೆಯ ಅನುಭವ ಇದಕ್ಕೆ ಕಹಿಯಾದ ಉತ್ತರ ಕೊಟ್ಟಿದೆ. ಆಮ್ಜೆನ್ ಔಷಧ ಕಂಪನಿಯ ವಿಜ್ಞಾನಿಗಳು 53 ಹೆಸರಾಂತ ಅಧ್ಯಯನಗಳನ್ನು ಮರುಪರಿಶೀಲಿಸಿದಾಗ 6ರ ಫಲಿತಾಂಶವನ್ನು ಮಾತ್ರ ದೃಢಪಡಿಸಲು ಸಾಧ್ಯವಾಯಿತೆಂದು ಗ್ಲೆನ್ ಬೆಗ್ಲಿ ಮತ್ತು ಲೀ ಎಲ್ಲಿಸ್ 2012ರಲ್ಲಿ ನೇಚರ್‌ನಲ್ಲಿ ಬರೆದರು. ಅದರ ಪುಟ್ಟ ಕೋಷ್ಟಕವೊಂದು ಈ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದೆ: ಇಂಪ್ಯಾಕ್ಟ್ ಫ್ಯಾಕ್ಟರ್ 20ಕ್ಕಿಂತ ಹೆಚ್ಚಿದ್ದ ಜರ್ನಲ್‌ಗಳಲ್ಲಿ ದೃಢಪಟ್ಟ ಪ್ರಬಂಧಗಳಿಗೆ ಸರಾಸರಿ 231 ಉಲ್ಲೇಖಗಳಿದ್ದರೆ, ದೃಢಪಡದವುಗಳಿಗೆ 248 ಇದ್ದವು. ಯಾವ ಅಧ್ಯಯನಗಳೆಂಬ ಪಟ್ಟಿಯನ್ನು ಆಗ ಬಹಿರಂಗಪಡಿಸಲಿಲ್ಲ ಎಂಬ ಆಕ್ಷೇಪಣೆ ನ್ಯಾಯವಾದದ್ದೇ. ಆದರೆ ವಿವರಗಳನ್ನೆಲ್ಲ ತೆರೆದಿಟ್ಟು ನಡೆಸಿ 2021ರಲ್ಲಿ ಮುಗಿಸಿದ ಇನ್ನೊಂದು ಯೋಜನೆಯ ಫಲವೂ ಸಮಾಧಾನಕರವಲ್ಲ. 53 ಪ್ರಭಾವಶಾಲಿ ಪ್ರಬಂಧಗಳ 193 ಪ್ರಯೋಗಗಳನ್ನು ಮತ್ತೆ ಮಾಡಬೇಕೆಂದು ಹೊರಟವರು 23 ಪ್ರಬಂಧಗಳ 50 ಪ್ರಯೋಗಗಳನ್ನಷ್ಟೇ ಪೂರೈಸಿದರು, ಏಕೆಂದರೆ ಮೂಲ ಲೇಖಕರನ್ನು ಕೇಳದೆ ಮತ್ತೆ ಮಾಡಬಹುದಾದಷ್ಟು ವಿವರ ಒಂದು ಪ್ರಯೋಗಕ್ಕೂ ಇರಲಿಲ್ಲ, ಕೇಳಿದಾಗ ಎಲ್ಲರೂ ನೆರವಾಗಲೂ ಇಲ್ಲ. ಮಾಡಿದವುಗಳಲ್ಲಿ ಕಂಡ ಪರಿಣಾಮದ ಗಾತ್ರ ಮಧ್ಯಾಂಕದ (ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಡುವೆ ಬರುವ ಅಂಕಿಯ) ಲೆಕ್ಕದಲ್ಲಿ ಮೂಲಕ್ಕಿಂತ ಶೇ 85ರಷ್ಟು ಕಡಿಮೆಯಿತ್ತು. ಇವೆಲ್ಲ ಬಹುಪಾಲು ಮೋಸದ ಪ್ರಕರಣಗಳಲ್ಲ. ಚಿಕ್ಕ ಮಾದರಿ, ಅಸ್ಪಷ್ಟ ವಿಧಾನ, ಒಳ್ಳೆಯ ಫಲಿತಾಂಶವನ್ನಷ್ಟೇ ಪ್ರಕಟಿಸುವ ಒತ್ತಡ ಸಾಕಾಗುತ್ತವೆ. ಹಿಂತೆಗೆದುಕೊಂಡ ಪ್ರಬಂಧಗಳ ಉಲ್ಲೇಖಗಳೂ ಲೆಕ್ಕದಿಂದ ತಾವಾಗಿ ಕಳೆದುಹೋಗುವುದಿಲ್ಲ.

ಪ್ರಶ್ನೆ: ಪಿಎಚ್‌ಡಿಗೆ ಕ್ಯಾನ್ಸರ್ ಜೀವವಿಜ್ಞಾನದಲ್ಲಿ ಮಾರ್ಗದರ್ಶಕರನ್ನು ಹುಡುಕುತ್ತಿದ್ದೇನೆ. ಎಚ್-ಇಂಡೆಕ್ಸ್ ನೋಡಿ ಆರಿಸಬಹುದೇ? ಚಿಕಿತ್ಸೆಗೆ ವೈದ್ಯರನ್ನು ಹಾಗೆ ಆರಿಸುವವರೂ ಇದ್ದಾರಲ್ಲ?

ಉತ್ತರ: ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇವೆ. ಶಸ್ತ್ರಚಿಕಿತ್ಸೆಯ ಕೈಚಳಕವನ್ನಾಗಲಿ, ರೋಗಿಗೆ ಕೊಡುವ ಸಮಯವನ್ನಾಗಲಿ ಉಲ್ಲೇಖಗಳು ಅಳೆಯುವುದಿಲ್ಲ. ನಿಮ್ಮ ಬಗೆಯ ಕ್ಯಾನ್ಸರ್‌ಗೆ ಅವರು ಎಷ್ಟು ಜನರಿಗೆ ಚಿಕಿತ್ಸೆ ಕೊಟ್ಟಿದ್ದಾರೆ, ಬೇರೆ ಬೇರೆ ತಜ್ಞರು ಕೂಡಿ ಚರ್ಚಿಸುವ ವ್ಯವಸ್ಥೆ ಅಲ್ಲಿದೆಯೇ ಎಂದು ಕೇಳುವುದು ಉಪಯುಕ್ತ.

ಮಾರ್ಗದರ್ಶಕರ ಆಯ್ಕೆಯಲ್ಲಿ ಒಟ್ಟು ಸೂಚ್ಯಂಕವನ್ನು ಬದಿಗಿಟ್ಟು ಕಳೆದ ಐದು ವರ್ಷಗಳ ಪ್ರಬಂಧಗಳನ್ನು ತೆರೆಯಿರಿ. ಅವುಗಳಲ್ಲಿ ಮಾರ್ಗದರ್ಶಕರ ಹೆಸರು ಕೊನೆಯಲ್ಲಿರುವ ಪ್ರಬಂಧಗಳು ಎಷ್ಟು, ಸ್ವಂತ ಪ್ರಯೋಗಗಳೆಷ್ಟು, ಸಮೀಕ್ಷೆಗಳೆಷ್ಟು, ದತ್ತಾಂಶವನ್ನು ಎಲ್ಲರಿಗೂ ತೆರೆದಿಟ್ಟಿದ್ದಾರೆಯೇ, ಬೇರೆ ಪ್ರಯೋಗಾಲಯಗಳು ಅವರ ಫಲಿತಾಂಶದ ಮೇಲೆ ಮುಂದೆ ಕಟ್ಟಿವೆಯೇ ಅಥವಾ ಉಲ್ಲೇಖಗಳಲ್ಲಿ ಹೆಚ್ಚಿನವು ಅವರದೇ ಗುಂಪಿನವೇ ಎಂಬುದನ್ನು ನೋಡಿ. ಬಳಿಕ ಮೊದಲ ಹೆಸರಿನವರನ್ನು ಗುರುತುಮಾಡಿಕೊಳ್ಳಿ: ಅವರು ಬಹುಶಃ ಆಗಿನ ವಿದ್ಯಾರ್ಥಿಗಳು. ಅವರಲ್ಲಿ ಇಬ್ಬರು ಮೂವರಿಗೆ ಪತ್ರ ಬರೆದು, ಪದವಿ ಮುಗಿಸಲು ಎಷ್ಟು ವರ್ಷ ಹಿಡಿಯಿತು ಎಂದು ಕೇಳಿ.