ಇಡಿಯಮ್ ಪಟ್ಟಿ ಮುಚ್ಚಿಡಿ, ಅದರ ಅಕ್ಕಪಕ್ಕದ ಪದ ನೋಡಿ

ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿ ಪರೀಕ್ಷೆಗೆ ಓದುತ್ತಿದ್ದೀರಿ, 500 ಇಂಗ್ಲಿಷ್ ಇಡಿಯಮ್‌ಗಳ, ಅಂದರೆ ನುಡಿಗಟ್ಟುಗಳ, ಪಟ್ಟಿ ಕೈಯಲ್ಲಿದೆ. ಒಂದೊಂದಕ್ಕೂ ನೇರ ಅರ್ಥದ್ದೊಂದು, ಒಳಾರ್ಥದ್ದೊಂದು ವಾಕ್ಯ ಮಾಡಲು ಬರುತ್ತಿಲ್ಲ, ಬಾಯಿಪಾಠ ಹೊಡೆದರೆ ಬಂದೀತೇ ಅಂತ ಕೇಳಿದ್ದೀರಿ. ನಾನೂ ಅಂಥದೇ ಪಟ್ಟಿ ಹಿಡಿದು ಓದಿದವನು, ಈಗ ಇದೇ ಊರಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಬರುವುದಿಲ್ಲರೀ. ಪಟ್ಟಿ ಅರ್ಥ ಮಾತ್ರ ಕೊಡುತ್ತದೆ. ಮಾತನ್ನು ಎಲ್ಲಿ ಮುಟ್ಟಿದರೆ ಆ ಅರ್ಥ ಮುರಿಯುತ್ತದೆ ಅನ್ನುವುದು ಅದರಲ್ಲಿ ಇರುವುದಿಲ್ಲ, ನಿಮಗೆ ಬೇಕಾದದ್ದು ಅದೇ.

ಕನ್ನಡದಲ್ಲಿ ಈ ಕೆಲಸ ನಿಮಗೆ ಆಗಲೇ ಗೊತ್ತು. ‘ಮಿರ್ಚಿ ತಿಂದು ಹೊಟ್ಟಿ ಉರಿಯಾಕತ್ತೈತಿ’ ಅಂದರೆ ಮಜ್ಜಿಗೆ ಕೊಡುತ್ತಾರೆ, ‘ಅವನ ಹೊಸಾ ಗಾಡಿ ನೋಡಿ ಹೊಟ್ಟಿ ಉರಿಯಾಕತ್ತೈತಿ’ ಅಂದರೆ ಕೊಡುವುದಿಲ್ಲ. ಹೊಟ್ಟೆಯೂ ಉರಿಯೂ ಎರಡರಲ್ಲೂ ಒಂದೇ, ಮುಂಚೆ ಬಂದ ಕಾರಣ ಬೇರೆ. ಹಾಗೇ ‘ರೊಕ್ಕದ ಹೊತ್ತಿಗೆ ಕೈ ಕೊಟ್ಟ’ ಅಂದರೆ ಮೋಸ. ‘ಎಡಗೈ ಕೊಟ್ಟ’ ಅನ್ನಿ, ಮೋಸ ಹೋಗಿ ಬರೀ ಕೈ ಉಳಿಯುತ್ತದೆ. ಇಂಗ್ಲಿಷಿನಲ್ಲೂ ಹೀಗೇ ನಡೆಯುತ್ತದೆ.

‘ಸ್ಪಿಲ್ ದ ಬೀನ್ಸ್’ ತಗೊಳ್ಳಿ. ನೇರ ಅರ್ಥ ಕಾಳು ಚೆಲ್ಲುವುದು, ಒಳಾರ್ಥ ಗುಟ್ಟು ಬಿಟ್ಟುಕೊಡುವುದು. ನೇರ ಅರ್ಥದ ವಾಕ್ಯಕ್ಕೆ ಜಾಗ, ಅಳತೆ, ಚೀಲ ಇವುಗಳಲ್ಲಿ ಒಂದಾದರೂ ಬೇಕು. ಹುಬ್ಬಳ್ಳಿ ಅಮರಗೋಳದ ಎಪಿಎಂಸಿ ಯಾರ್ಡು ಕಣ್ಮುಂದೆ ತಂದುಕೊಳ್ಳಿ: ‘ದ ಹಮಾಲ್ ಸ್ಪಿಲ್ಡ್ ದ ಬೀನ್ಸ್ ಆಲ್ ಓವರ್ ದ ಫ್ಲೋರ್.’ ನೆಲ ಬಂತು, ಕಾಳು ಕಾಳೇ ಆಯಿತು. ಒಳಾರ್ಥಕ್ಕೆ ಬೇಕಾದದ್ದು ‘ಅಬೌಟ್’ ಜೊತೆಗೆ ಒಂದು ವಿಷಯ, ಇಲ್ಲವೇ ‘ಟು’ ಜೊತೆಗೆ ಒಬ್ಬ ಮನುಷ್ಯ: ‘ದ ಕ್ಲರ್ಕ್ ಸ್ಪಿಲ್ಡ್ ದ ಬೀನ್ಸ್ ಅಬೌಟ್ ದ ಟ್ರಾನ್ಸ್‌ಫರ್ ಲಿಸ್ಟ್.’ ಈಗ ಬೀನ್ಸ್ ತೆಗೆದು ಹೆಸರುಕಾಳು ಹಾಕಿ ನೋಡಿ. ‘ಸ್ಪಿಲ್ಡ್ ದ ಗ್ರೀನ್ ಗ್ರಾಂ’ ಅಂದರೆ ಯಾವ ಗುಟ್ಟೂ ಹೊರಬೀಳುವುದಿಲ್ಲ. ‘ಟು ಕಿಲೋಸ್ ಆಫ್ ಬೀನ್ಸ್’ ಅಂದರೂ ಅಷ್ಟೇ, ತೂಕ ಸೇರಿದ ಕೂಡಲೇ ಒಳಾರ್ಥ ಹೋಯಿತು.

ವಾಕ್ಯವನ್ನು ಪ್ಯಾಸಿವ್ (ಕರ್ಮಣಿ) ಮಾಡಿದಾಗ ಎಲ್ಲ ಇಡಿಯಮ್ಮೂ ಒಂದೇ ಥರ ವರ್ತಿಸುವುದಿಲ್ಲ. ‘ದ ಬೀನ್ಸ್ ವರ್ ಸ್ಪಿಲ್ಡ್’ ಅಂದರೆ ಗುಟ್ಟಿನ ಅರ್ಥ ಉಳಿಯುತ್ತದೆ, ಯಾಕೆಂದರೆ ಬೀನ್ಸ್ ಗುಟ್ಟಿನ ಜಾಗದಲ್ಲಿದೆ, ಸ್ಪಿಲ್ ಬಯಲು ಮಾಡುವುದರ ಜಾಗದಲ್ಲಿದೆ. ‘ಕಿಕ್ ದ ಬಕೆಟ್’ ಹಾಗಲ್ಲ. ಮೂರೂ ಪದ ಸೇರಿ ಸಾಯುವುದು ಅಂತ ಒಂದೇ ಅರ್ಥ, ಅದರಲ್ಲಿ ಬಕೆಟ್ಟಿಗೆ ಅಂತ ಪಾಲಿಲ್ಲ. ಅದಕ್ಕೇ ‘ದ ಬಕೆಟ್ ವಾಸ್ ಕಿಕ್ಡ್’ ಅಂದರೆ ಯಾರೂ ಸತ್ತಿಲ್ಲ, ಬಚ್ಚಲಮನೆಯಲ್ಲಿ ಬಕೆಟ್ ಉರುಳಿದೆ. ‘ದ’ ತೆಗೆದು ‘ಅ ಬಕೆಟ್’ ಮಾಡಿದರೂ ಅದೇ ಗತಿ. ಈ ಮಾತು 1785ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಬೀದಿಮಾತಿನ ನಿಘಂಟಿನಲ್ಲೇ ಇದೆ, ಇವತ್ತಿಗೂ ಅದರ ಹಗುರತನ ಹೋಗಿಲ್ಲ. ಸಂತಾಪದ ಪತ್ರದಲ್ಲಿ ದಯವಿಟ್ಟು ಬರೆಯಬೇಡಿ, ಅಲ್ಲಿಗೆ ‘ಪಾಸ್ಡ್ ಅವೇ’ ಇದೆ.

ನಮ್ಮ ಕಡೆಯವರಿಗೆ ನಿಜವಾಗಿ ದುಬಾರಿ ಬೀಳುವುದು ‘ಪುಲ್ ಮೈ ಲೆಗ್’. ಇದನ್ನು ಬಿಡಿಸಿಯೇ ಹೇಳುತ್ತೇನೆ. ಕನ್ನಡದ ಕಾಲೆಳೆಯುವುದಕ್ಕೆ ಎರಡು ಒಳಾರ್ಥ: ಚೇಷ್ಟೆ ಮಾಡುವುದು ಒಂದು, ಮೇಲೆ ಬರುವವನನ್ನು ಕೆಳಗೆ ಜಗ್ಗುವುದು ಇನ್ನೊಂದು. ಇಂಗ್ಲಿಷಿನ ಮಾತಿಗೆ ಇರುವುದು ಮೊದಲನೆಯದು ಮಾತ್ರ, ಅದೂ ಸುಳ್ಳೊಂದು ಹೇಳಿ ತಮಾಷೆಗೆ ನಂಬಿಸುವುದು. ಈಗ ಇಂಟರ್‌ವ್ಯೂನಲ್ಲಿ ಹಿಂದಿನ ಕೆಲಸ ಯಾಕೆ ಬಿಟ್ಟಿರಿ ಅಂತ ಕೇಳುತ್ತಾರೆ. ಮೇಲಿನವರು ನನ್ನನ್ನು ಬೆಳೆಯಲು ಬಿಡಲಿಲ್ಲ ಅಂತ ಹೇಳಬೇಕಾದ ಹುಡುಗ ‘ಮೈ ಸೀನಿಯರ್ಸ್ ವರ್ ಪುಲಿಂಗ್ ಮೈ ಲೆಗ್’ ಅನ್ನುತ್ತಾನೆ. ಕೇಳುವವರ ಕಿವಿಗೆ ಬೀಳುವುದೇನು? ಸೀನಿಯರ್‌ಗಳು ತಮಾಷೆ ಮಾಡುತ್ತಿದ್ದರು, ಇವನು ಅದಕ್ಕೆ ಕೆಲಸ ಬಿಟ್ಟ. ವ್ಯಾಕರಣ ಸರಿ ಇರುವುದರಿಂದ ಯಾರೂ ತಿದ್ದುವುದಿಲ್ಲ. ತಪ್ಪು ವಾಕ್ಯವಾಗಿದ್ದರೆ ಏನು ಹೇಳಬೇಕಂತೀ ಅಂತ ಮರಳಿ ಕೇಳುತ್ತಿದ್ದರು, ಇದು ಸರಿಯಾದ ವಾಕ್ಯ, ಅರ್ಥ ಮಾತ್ರ ಬೇರೆಯದು. ಅಡ್ಡಗಾಲು ಹಾಕಿದರು ಅನ್ನುವುದಕ್ಕೆ ‘ದೇ ಹೆಲ್ಡ್ ಮಿ ಬ್ಯಾಕ್’ ಸಾಕು, ಇಡಿಯಮ್ಮಿನ ಗೊಡವೆಯೇ ಬೇಡ.

ಅದೇ ಮಾತಿನಲ್ಲಿ ಇನ್ನೊಂದು ಕಡೆ ಎಡವುತ್ತಾರೆ: ‘ಪುಲಿಂಗ್ ಮೈ ಲೆಗ್ಸ್’. ಒಬ್ಬನ ಎರಡೂ ಕಾಲು ಎಳೆದರೆ ಅದು ನಿಜವಾದ ಎಳೆತ. ನೇರ ಅರ್ಥದ ವಾಕ್ಯ ಬೇಕಾದಾಗ ಇದನ್ನೇ ಬಳಸಿಕೊಳ್ಳಿ, ಅಥವಾ ಎಡ-ಬಲ ಸೇರಿಸಿ: ‘ದ ಫಿಸಿಯೋಥೆರಪಿಸ್ಟ್ ಪುಲ್ಡ್ ಮೈ ಲೆಫ್ಟ್ ಲೆಗ್ ಜೆಂಟ್ಲಿ.’

‘ಕೋಲ್ಡ್ ಫೀಟ್’ನಲ್ಲಿ ಕ್ರಿಯಾಪದವನ್ನು ಹಿಡಿದುಕೊಂಡರೆ ಸಾಕು. ‘ಗೆಟ್ ಕೋಲ್ಡ್ ಫೀಟ್’ ಅಂದರೆ ಕೊನೇ ಗಳಿಗೆಯಲ್ಲಿ ಧೈರ್ಯ ಜಾರುವುದು. ‘ಮೈ ಫೀಟ್ ಆರ್ ಕೋಲ್ಡ್’ ಅಂದರೆ ಸಾಕ್ಸ್ ಬೇಕು, ಅಷ್ಟೇ.

ನೋಟ್‌ಬುಕ್ಕಿನಲ್ಲಿ ಒಂದು ಇಡಿಯಮ್ಮಿಗೆ ಒಂದು ಪುಟ ಬಿಡಿ. ಮೇಲೆ ನೇರ ವಾಕ್ಯ, ಅದರಲ್ಲಿ ಜಾಗ, ಅಳತೆ, ಎಡ-ಬಲ ಏನಾದರೊಂದು ಇರಲಿ. ಕೆಳಗೆ ಒಳಾರ್ಥದ ವಾಕ್ಯ. ಅದರ ಕೆಳಗೆ ಅರ್ಥ ಕೆಡಿಸುವ ರೂಪ ಬರೆದು ಕೆಂಪು ಪೆನ್ನಿನಲ್ಲಿ ಕಾಟು ಹಾಕಿ. ವಾರಕ್ಕೆ ಐದು ಪುಟ ತುಂಬಿದರೂ 500ರ ಪಟ್ಟಿಗಿಂತ ಮೇಲು, ಇದರಲ್ಲಿ ನನಗೆ ಸಂಶಯವಿಲ್ಲ.

ಪರೀಕ್ಷೆಯಲ್ಲಿ ಇಡಿಯಮ್ ಕೊಟ್ಟು ಸ್ವಂತ ವಾಕ್ಯ ಬರೆಯಿರಿ ಅಂದರೆ ಒಳಾರ್ಥದ್ದನ್ನೇ ಬರೆಯಿರಿ. ಅಲ್ಲಿ ಪರೀಕ್ಷಿಸುವುದೇ ಅದು, ಬಕೆಟ್ ಒದ್ದ ವಾಕ್ಯಕ್ಕೆ ಅಂಕ ಹುಟ್ಟುವುದಿಲ್ಲ. ಬರೀ ‘ಹಿ ಗಾಟ್ ಕೋಲ್ಡ್ ಫೀಟ್’ ಅಂತ ಬರೆದು ಬಿಟ್ಟರೆ ನಿಮಗೆ ಅರ್ಥ ಗೊತ್ತಿದೆ ಅಂತ ತಿದ್ದುವವರಿಗೆ ತಿಳಿಯುವುದು ಹೇಗೆ? ‘ಹಿ ಗಾಟ್ ಕೋಲ್ಡ್ ಫೀಟ್ ಅಂಡ್ ರಿಫ್ಯೂಸ್ಡ್ ಟು ಗೋ ಆನ್ ಸ್ಟೇಜ್’ ಅಂತ ಅಂಜಿದ್ದರಿಂದ ಏನಾಯಿತು ಅನ್ನುವುದನ್ನೂ ಅದೇ ವಾಕ್ಯದಲ್ಲಿ ಸೇರಿಸಿ.