ಸಮುದ್ರದ ನಡುವಿನ ಪುಟ್ಟ ದ್ವೀಪದಲ್ಲಿ ಸಹಜ ವಿಕಿರಣ ಅಳೆಯೋಕೆ ಯಾವ ಮೀಟರ್ ತಗೊಳ್ಳಲಿ? ಅಲ್ಲಿಗೆ ಹೋದರೆ ಅಪಾಯ ಇಲ್ವಾ?

ನೀವು ಶಿವಮೊಗ್ಗದಲ್ಲಿ ಎಂ.ಎಸ್ಸಿ. ಓದುತ್ತಿದ್ದೀರಿ. ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪದ ನೀರು, ಮಣ್ಣು, ಕಲ್ಲು ಮತ್ತು ಸಹಜ ವಿಕಿರಣ ನಿಮ್ಮ ಪ್ರಾಜೆಕ್ಟ್. ನಾನು ತೀರ್ಥಹಳ್ಳಿ ಕಡೆಯವನು, ಇಂಥದ್ದೇ ಕೆಲಸದಲ್ಲಿ ಒಮ್ಮೆ ಕೈ ಸುಟ್ಟುಕೊಂಡವನು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಭಯದ ವಿಷಯ ಮುಗಿಸಿಬಿಡೋಣ. ನಿಮ್ಮ ಮೈಯಲ್ಲಿರುವ ಪೊಟ್ಯಾಸಿಯಂ-40 (ವಿಕಿರಣ ಸೂಸುವ ಪೊಟ್ಯಾಸಿಯಂ) ಒಂದರಲ್ಲೇ ಸೆಕೆಂಡಿಗೆ ಸುಮಾರು 4000 ಪರಮಾಣುಗಳು ಒಡೆಯುತ್ತಿರುತ್ತವೆ. ಪ್ರಕೃತಿಯಿಂದ ಮನುಷ್ಯನಿಗೆ ಬರುವ ವಿಕಿರಣ ಜಗತ್ತಿನ ಸರಾಸರಿಯಲ್ಲಿ ವರ್ಷಕ್ಕೆ 2.4 ಮಿಲಿಸೀವರ್ಟ್ (ಮೈಗೆ ತಾಗುವ ವಿಕಿರಣದ ಅಳತೆ). ಅದರಲ್ಲಿ ಅರ್ಧದಷ್ಟು ಉಸಿರಾಡುವ ಗಾಳಿಯಲ್ಲಿರುವ ವಿಕಿರಣಶೀಲ ಅನಿಲ ರೇಡಾನ್‌ನಿಂದ. ನಾಲ್ಕು ದಿನ ದ್ವೀಪ ಸುತ್ತಿ ಬಂದರೆ ಏನೂ ಆಗುವುದಿಲ್ಲ. ಅಲ್ಲಿ ಹೆದರಬೇಕಾದದ್ದು ಅಲೆಗೆ ಮತ್ತು ಪಾಚಿ ಕಟ್ಟಿದ ಕಲ್ಲಿಗೆ.

ಇನ್ನು ಮೀಟರ್. ಅದನ್ನು ಚೀಲದಲ್ಲೇ ಇಟ್ಟು ಮೊದಲು ಕಲ್ಲು ನೋಡಿ. ಆ ಕಂಬ ಕಂಬದಂಥ ಕಲ್ಲುಗಳು ಸುಮಾರು 8.8 ಕೋಟಿ ವರ್ಷದ ಹಿಂದಿನವು. ಮಡಗಾಸ್ಕರ್ ನಮ್ಮಿಂದ ಬೇರೆಯಾಗುವ ಕಾಲದ ಲಾವಾ ತಣ್ಣಗಾಗಿ ಹಾಗೆ ಸೀಳಿದೆ. ನೋಡೋಕೆ ಬಸಾಲ್ಟ್ ಥರ ಕಂಡರೂ ಇದು ಸಿಲಿಕಾ ಜಾಸ್ತಿ ಇರುವ ಡೇಸೈಟ್, ರಯೋಲೈಟ್ ಜಾತಿ. ಇಂಥ ಕಲ್ಲಲ್ಲಿ ಸಾಮಾನ್ಯವಾಗಿ ಬಸಾಲ್ಟ್‌ಗಿಂತ ಹೆಚ್ಚು ಪೊಟ್ಯಾಸಿಯಂ, ಯುರೇನಿಯಂ, ಥೋರಿಯಂ ಇರುತ್ತದೆ. ಮರಳಿನ ಕಥೆ ಬೇರೆ. ಚಿಪ್ಪಿನ ಚೂರಿನ ಬಿಳಿ ಮರಳಿನಲ್ಲಿ ಹೆಚ್ಚಿನದು ಸುಣ್ಣ, ವಿಕಿರಣ ಕಡಿಮೆ. ಕಪ್ಪು ಗೆರೆ ಕಂಡರೆ ಇಲ್ಮೆನೈಟ್, ಗಾರ್ನೆಟ್‌ನಂಥ ಭಾರದ ಖನಿಜ ಇರಬಹುದು. ಜೊತೆಗೆ ಥೋರಿಯಂ ಇರುವ ಖನಿಜ ಮೊನಾಜೈಟ್ ಇದ್ದರೆ ಥೋರಿಯಂ ಏರುತ್ತದೆ. ಕೇರಳದ ಚವರದ ಕಡಲತೀರ ಹೆಸರಾಗಿರುವುದು ಇದಕ್ಕೇ. ಹಾಗಾಗಿ ಹತ್ತು ಹೆಜ್ಜೆ ಅಂತರದಲ್ಲಿ ಎರಡು ಲೆಕ್ಕ ಬಂದರೆ ಮೀಟರ್ ಕೆಟ್ಟಿದೆ ಅಂತ ಬೈಯಬೇಡಿ. ಕಲ್ಲು, ಬಿಳಿ ಮರಳು, ಕಪ್ಪು ಮರಳು, ಮಣ್ಣು ಎಲ್ಲವನ್ನೂ ಬೇರೆ ಬೇರೆ ಬರೆದುಕೊಳ್ಳಿ.

ಮೀಟರ್ ಯಾವುದಾದರೂ ಆದೀತು, ಸರಿಯಾಗಿ ಕ್ಯಾಲಿಬ್ರೇಟ್ (ಗೊತ್ತಿರುವ ಅಳತೆಗೆ ಹೋಲಿಸಿ ಸರಿಪಡಿಸಿದ್ದು) ಆಗಿದ್ದರೆ ಸಾಕು. ನೆಲದಿಂದ ಒಂದು ಮೀಟರ್ ಎತ್ತರದಲ್ಲಿ ಹಿಡಿಯಿರಿ. ಹೋಗುವಾಗ ದಡದಿಂದ ದೂರ ಬೋಟಿನಲ್ಲೂ ಒಮ್ಮೆ ಓದಿಕೊಳ್ಳಿ. ಕೆಳಗೆಲ್ಲ ನೀರು, ನೆಲದ ಪಾಲು ಹೆಚ್ಚು ಕಡಿಮೆ ಇಲ್ಲ. ಅಲ್ಲಿ ಉಳಿಯುವುದು ಆಕಾಶದಿಂದ ಬರುವ ಕಾಸ್ಮಿಕ್ ಕಿರಣ ಮತ್ತು ಮೀಟರಿನ ಸ್ವಂತ ಗದ್ದಲ. ದ್ವೀಪದ ಓದಿನಿಂದ ಅದನ್ನು ಕಳೆದರೆ ನೆಲದ್ದು ಸಿಗುತ್ತದೆ.

ನಾನು ಎಡವಿದ್ದು ಇದರ ನಂತರದ ಹಂತದಲ್ಲಿ. ಜೂನ್ ತಿಂಗಳು, ನಮ್ಮ ಕಡೆ ಜಂಬಿಟ್ಟಿಗೆ ಕ್ವಾರಿಗಳಿಂದ ಮಣ್ಣು ತಂದಿದ್ದೆ. ಲ್ಯಾಬಿನಲ್ಲಿ ಅಳೆಯುವ ಮೊದಲು ಅದನ್ನು 110 ಡಿಗ್ರಿಯಲ್ಲಿ ಒಣಗಿಸಬೇಕು. ಕಾಲೇಜಿನ ಓವನ್ ಕೆಟ್ಟಿತ್ತು. ಮಳೆಗಾಲದ ಮಲೆನಾಡಲ್ಲಿ ಹಾಕಿಕೊಂಡ ಅಂಗಿಯೇ ಒಣಗಲ್ಲ, ಮಣ್ಣು ಒಣಗುತ್ತದೆಯೇ? ತಟ್ಟೆಗಳನ್ನು ಮನೆಗೆ ಒಯ್ದು ಬಚ್ಚಲೊಲೆ ಪಕ್ಕ ಸಾಲಾಗಿ ಇಟ್ಟೆ. ಚೆನ್ನಾಗಿಯೇ ಒಣಗಿತು. ಡಬ್ಬಿಗೆ ತುಂಬಿ, ಗಾಮಾ ಕಿರಣ ಎಣಿಸುವ ಡಿಟೆಕ್ಟರ್‌ಗೆ ಹಾಕಿದರೆ 1461 ಕೆಇವಿ (ಕಿರಣದ ಶಕ್ತಿಯ ಅಳತೆ) ಹತ್ತಿರ ಪೊಟ್ಯಾಸಿಯಂ ಗೆರೆ ಗೋಪುರದ ಹಾಗೆ ನಿಂತಿದೆ! "ಜಂಬಿಟ್ಟಿಗೇಲಿ ಇಷ್ಟು ಪೊಟ್ಯಾಸಿಯಂ ಎಲ್ಲಿಂದ ಬಂತು ಮಾರಾಯ?" ಅಂದರು ಗೈಡ್. ಅವರು ಕೇಳಿದ್ದು ಸರಿಯೇ. ಜಂಬಿಟ್ಟಿಗೆ ಆಗುವುದೇ ಲಕ್ಷಾಂತರ ವರ್ಷದ ಮಳೆಗೆ ಪೊಟ್ಯಾಸಿಯಂ ತೊಳೆದು ಹೋಗಿ, ಕಬ್ಬಿಣ, ಅಲ್ಯೂಮಿನಿಯಂ ಉಳಿದು. ಥೋರಿಯಂ ಕೂಡ ಬೇಗ ಜಾಗ ಬಿಡುವುದಿಲ್ಲ. ಹಾಗಾದರೆ ಗೋಪುರ ಎಲ್ಲಿಂದ ಎದ್ದಿತು? ಒಲೆ ಊದಿದಾಗ ಹಾರಿದ ಬೂದಿ. ನಾವು ತೋಟಕ್ಕೆ ಬೂದಿ ಹಾಕೋದೇ ಅದರಲ್ಲಿರುವ ಪೊಟ್ಯಾಷ್‌ಗೆ, ಅಲ್ವಾ? ಹನ್ನೊಂದು ಡಬ್ಬಿ ಸುರಿದು ಮೊದಲಿಂದ ಶುರು ಮಾಡಿದೆ.

ಡಬ್ಬಿ ಮುಚ್ಚುವುದರಲ್ಲೂ ಅವಸರ ಬೇಡ. ಯುರೇನಿಯಂ ಒಡೆಯುತ್ತಾ ಹೋದಾಗ ಹುಟ್ಟುವ ರೇಡಿಯಂ ನಮಗೆ ನೇರವಾಗಿ ಸುಲಭಕ್ಕೆ ಸಿಗುವುದಿಲ್ಲ. ಅದರ ಸಂತಾನವಾದ ಬಿಸ್ಮತ್-214ರ 609 ಕೆಇವಿ ಗೆರೆಯಿಂದ ಹಿಡಿಯುತ್ತೇವೆ. ನಡುವೆ ಇರುವುದು ರೇಡಾನ್, ಅದು ಅನಿಲ. ಮಣ್ಣು ಜರಡಿ ಹಿಡಿಯುವಾಗಲೇ ಒಂದಷ್ಟು ಹಾರಿಹೋಗಿರುತ್ತದೆ. ಅದರ ಅರ್ಧಾಯುಷ್ಯ 3.8 ದಿನ. ಮುಚ್ಚಿದ ಡಬ್ಬಿಯಲ್ಲಿ ಮತ್ತೆ ತುಂಬಿಕೊಂಡು ಸಮಕ್ಕೆ ಬರಲು ನಾಲ್ಕು ವಾರ ಬೇಕು. ಅಪ್ಪೆಮಿಡಿ ಭರಣಿಗೆ ಬಟ್ಟೆ ಕಟ್ಟಿದ ಹಾಗೆ ಕಟ್ಟಿದರೆ ಆಗಲ್ಲ, ಗಾಳಿ ಆಡಲೇಬಾರದು.

ರೇಡಿಯಂ ಸಮಾನಾಂಕ (ರೇಡಿಯಂ, ಥೋರಿಯಂ, ಪೊಟ್ಯಾಸಿಯಂ ಮೂರನ್ನೂ ಸೇರಿಸಿ ಹೇಳುವ ಒಂದೇ ಸಂಖ್ಯೆ), ಅದಕ್ಕೆ ಕೆಜಿಗೆ 370 ಬೆಕ್ವೆರೆಲ್ ಮಿತಿ ಅಂತೆಲ್ಲ ಪ್ರಬಂಧಗಳಲ್ಲಿ ನೋಡಿರುತ್ತೀರಿ. ಅದು ಮನೆ ಕಟ್ಟುವ ಸಾಮಗ್ರಿಗೆ ಮಾಡಿದ ಲೆಕ್ಕ. ಯಾರೂ ವಾಸವಿಲ್ಲದ ದ್ವೀಪಕ್ಕೆ ಅದನ್ನು ಹಾಕಿ ಎರಡು ಪುಟ ತುಂಬಿಸುವುದು ಸುಮ್ನೆ.

ಆ ಪುಟಗಳನ್ನು ನೀರಿಗೆ ಕೊಡಿ. ಮರಳಿನ ದ್ವೀಪದಲ್ಲಿ ಮಳೆನೀರು ಉಪ್ಪುನೀರಿನ ಮೇಲೆ ತೇಲಿ ನಿಲ್ಲುತ್ತದೆ. ಆ ಸಿಹಿನೀರಿನ ಮೇಲ್ಮೈ ಸಮುದ್ರ ಮಟ್ಟಕ್ಕಿಂತ ಒಂದು ಮೀಟರ್ ಮೇಲಿದ್ದರೆ ಕೆಳಗೆ ಸುಮಾರು 40 ಮೀಟರ್ ಸಿಹಿನೀರು ಅನ್ನುವುದು ಲೆಕ್ಕ. ಗಟ್ಟಿ ಕಲ್ಲಿನ ದ್ವೀಪದಲ್ಲಿ ಆ ಲೆಕ್ಕ ನಡೆಯಲ್ಲ, ಬಿರುಕಿನಲ್ಲಿ ನಿಂತಷ್ಟೇ ನೀರು. ಆಗುಂಬೆ ಮಳೆ ನೋಡಿ ಬೆಳೆದ ನಮಗೆ ಇದು ತಲೆಗೆ ಹೋಗೋದು ಸ್ವಲ್ಪ ಕಷ್ಟ. ಎಲ್ಲಾದರೂ ಗುಂಡಿ ಸಿಕ್ಕರೆ ಭರತದಲ್ಲೊಮ್ಮೆ, ಇಳಿತದಲ್ಲೊಮ್ಮೆ ಉಪ್ಪಿನಂಶ ನೋಡಿ.

ಆ ಕಲ್ಲುಗಳು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಸುತ್ತಿಗೆ ಎತ್ತುವ ಮೊದಲು ಬರಹದಲ್ಲಿ ಅನುಮತಿ ತಗೊಳ್ಳಿ. ಮಳೆಗಾಲದಲ್ಲಿ ಬೋಟ್ ಇರುವುದಿಲ್ಲ, ದೀಪಾವಳಿ ಕಳೆದ ಮೇಲೆ ಆಗುಂಬೆ ಘಾಟಿ ಇಳಿಯಿರಿ. ಮಣ್ಣಿನ ಡಬ್ಬಿಗಳ ಜೊತೆ ಅದೇ ಅಳತೆಯ ಒಂದು ಖಾಲಿ ಡಬ್ಬಿಯನ್ನೂ ಮುಚ್ಚಿಡಿ. ಹಿನ್ನೆಲೆ ಎಣಿಕೆಗೆ, ಅಂದರೆ ಮಣ್ಣಿಲ್ಲದೆಯೂ ಡಿಟೆಕ್ಟರ್ ಎಣಿಸುವಷ್ಟನ್ನು ಕಳೆಯೋಕೆ, ಅದು ಬೇಕಾಗುತ್ತದೆ.