‘ಅದು ಬೇರೆ ವಿಷಯ ಬಿಡಿ’ ಅಂದಿರಲ್ಲ, ಅಲ್ಲೇ ಸ್ವಲ್ಪ ನಿಲ್ಲಿ

ಈ ವಾರ ಬಂದ ಒಂದು ಪತ್ರವನ್ನು ಮೂರು ಸಲ ಓದಿದೆ. ಮೊದಲ ಸಲ ಪಾಪ ಅನ್ನಿಸಿತು. ಎರಡನೆಯ ಸಲ ಸಿಟ್ಟು ಬಂತು, ಬರೆದವರ ಮೇಲಲ್ಲ. ಮೂರನೆಯ ಸಲ ಒಂದು ಸಾಲು ಕಣ್ಣಿಗೆ ಬಿತ್ತು. ಮೊದಲೆರಡು ಸಲ ಅದು ಹೇಗೆ ತಪ್ಪಿಸಿಕೊಂಡಿತೋ!

ಪತ್ರದಲ್ಲಿರುವುದು ಇಷ್ಟು. ಈ ಸಹೋದರಿ ಆರು ವರ್ಷಗಳಿಂದ ದಿನಾ ಬೆಳಿಗ್ಗೆ ಬೈಬಲ್ ಓದುತ್ತಾರೆ. ಫೋನಿನ ಆ್ಯಪ್‌ನಲ್ಲಿ ವರ್ಷಕ್ಕೊಮ್ಮೆ ಇಡೀ ಬೈಬಲ್ ಮುಗಿಸುವ ಪಟ್ಟಿ ಇದೆ, ಅದರಂತೆ ಓದು. ವಾರಕ್ಕೊಮ್ಮೆ ಪ್ರಾರ್ಥನಾ ಕೂಟ. ಅಲ್ಲಿ ಒಬ್ಬೊಬ್ಬರೂ ‘ಈ ವಾರ ದೇವರು ಈ ವಚನದಿಂದ ನನ್ನ ಜೊತೆ ಮಾತಾಡಿದರು’ ಎಂದು ಸಾಕ್ಷಿ ಹೇಳುತ್ತಾರೆ. ಇವರಿಗೆ ಮಾತ್ರ ಏನೂ ಕೇಳಿಸುವುದಿಲ್ಲ. ಕೂಟ ನಡೆಸುವ ಹಿರಿಯ ಮಹಿಳೆ, ‘ನಿನ್ನಲ್ಲಿ ಬಚ್ಚಿಟ್ಟ ಪಾಪ ಏನೋ ಇದೆ, ಅದಕ್ಕೇ ದೇವರು ಸುಮ್ಮನಿದ್ದಾರೆ’ ಅಂದರಂತೆ. ಕೊನೆಗೆ ಹೋದ ತಿಂಗಳು ಇವರೂ ಒಂದು ಸಾಕ್ಷಿ ಕಟ್ಟಿ ಹೇಳಿಬಿಟ್ಟರು. ಎಲ್ಲರೂ ‘ಆಮೆನ್’ ಅಂದರು. ಅಂದಿನಿಂದ ನಿದ್ದೆ ಇಲ್ಲ. ‘ದೇವರು ನನ್ನ ಜೊತೆ ಯಾಕೆ ಮಾತಾಡುವುದಿಲ್ಲ?’

ಮೊದಲು ಆ ಹಿರಿಯ ಮಹಿಳೆಯ ಲೆಕ್ಕ ಮುಗಿಸಿಬಿಡೋಣ. ‘ಬಚ್ಚಿಟ್ಟ ಪಾಪ’ ಎನ್ನುವ ವಾದ ಹೊಸದೇನಲ್ಲ. ಬೈಬಲಿನ ಯೋಬನ ಪುಸ್ತಕದಲ್ಲಿ, ತಪ್ಪಿಲ್ಲದೆಯೂ ಎಲ್ಲ ಕಳೆದುಕೊಂಡ ಯೋಬನಿಗೆ ಅವನ ಮೂವರು ಗೆಳೆಯರು ಹೇಳಿದ್ದೂ ಇದನ್ನೇ. ಮೊದಲ ಏಳು ದಿನ, ಏಳು ರಾತ್ರಿ ಅವರು ಅವನ ಪಕ್ಕದಲ್ಲಿ ಬಾಯಿ ಬಿಡದೆ ಕೂತಿದ್ದರು. ಅಷ್ಟಕ್ಕೇ ಎದ್ದು ಹೋಗಿದ್ದರೆ ಒಳ್ಳೆಯ ಹೆಸರು ಉಳಿಯುತ್ತಿತ್ತು. ಆಮೇಲೆ ಬಾಯಿ ತೆರೆದರು, ‘ನೀನೇನೋ ಮಾಡಿದ್ದೀಯ’ ಅಂದರು. ಕೊನೆಯ ಅಧ್ಯಾಯದಲ್ಲಿ ದೇವರು ಸಿಟ್ಟಾಗುವುದು ಯೋಬನ ಮೇಲಲ್ಲ, ಈ ಗೆಳೆಯರ ಮೇಲೆ. ಕೂಟ ನಡೆಸುವವರು ಯೋಬನ 42ನೇ ಅಧ್ಯಾಯ ಓದಿಲ್ಲ ಅಂತ ಹೇಗೆ ನಂಬಲಿ? ಓದಿಯೂ ಹೀಗೆ ಹೇಳಿದ್ದರೆ ಇನ್ನೂ ಕಷ್ಟ. ಯಾರ ಮನಸ್ಸಿನೊಳಗೂ ಕೈ ಹಾಕಿ ಪಾಪ ಹುಡುಕುವ ಅಧಿಕಾರವನ್ನು ಆಕೆಗೆ ಯಾರೂ ಕೊಟ್ಟಿಲ್ಲ.

ಇನ್ನು ನಿಮ್ಮ ಓದು. ಈ ಅಂಕಣ ಓದುವವರಿಗೆ ಗೊತ್ತು, ಪಟ್ಟಿ ಹಿಡಿದು ಓದುವುದು ಅಂದರೆ ನನಗೆ ಆಗುವುದಿಲ್ಲ. ಬೈಬಲಿನಲ್ಲಿ 1189 ಅಧ್ಯಾಯಗಳಿವೆ. ವರ್ಷದಲ್ಲಿ ಮುಗಿಯಬೇಕು ಅಂದರೆ ದಿನಕ್ಕೆ ಮೂರೋ ನಾಲ್ಕೋ ಆಗಬೇಕು. ನಾನೂ ಒಂದು ವರ್ಷ ಹಾಗೆ ಮುಗಿಸಿದ್ದೇನೆ. ಬಲಿ, ಶುದ್ಧಿಯ ನಿಯಮಗಳೇ ತುಂಬಿರುವ ಯಾಜಕಕಾಂಡದಿಂದ ನೆನಪಿರುವುದು ಯಾವಾಗ ಮುಗಿಯುತ್ತಪ್ಪಾ ಅನ್ನಿಸಿದ್ದು ಮಾತ್ರ. 12ನೇ ಶತಮಾನದ ಗಿಗೋ ಎಂಬ ಮಠವಾಸಿ ಇದನ್ನು ಊಟದ ಮಾತಿನಲ್ಲಿ ಹೇಳಿದ್ದ: ಓದುವುದೆಂದರೆ ತುತ್ತು ಬಾಯಿಗಿಡುವುದು, ಧ್ಯಾನಿಸುವುದೆಂದರೆ ಅಗಿಯುವುದು, ಪ್ರಾರ್ಥಿಸಿದಾಗ ರುಚಿ ಹತ್ತುವುದು. ನೀವು ಆರು ವರ್ಷದಿಂದ ತುತ್ತಿನ ಮೇಲೆ ತುತ್ತು ಇಡುತ್ತಿದ್ದೀರಿ. ಅಗಿಯಲು ಆ್ಯಪ್ ಎಲ್ಲಿ ಬಿಡುತ್ತದೆ?

ಒಂದು ದಿನ ಮಾತ್ರ ತುತ್ತು ಗಂಟಲಲ್ಲಿ ಸಿಕ್ಕಿಕೊಂಡಿದೆ. ನೀವು ಅದನ್ನು ಪತ್ರದ ಕೊನೆಯಲ್ಲಿ, ಆವರಣದೊಳಗೆ ತುರುಕಿದ್ದೀರಿ: ‘ಒಮ್ಮೆ ಮತ್ತಾಯ 5 ಓದುವಾಗ ಕಾಣಿಕೆಯ ಮಾತು ಬಂತು, ಯಾಕೋ ಕಿರಿಕಿರಿಯಾಗಿ ಫೋನ್ ಮಗುಚಿಟ್ಟೆ. ಅಮ್ಮನನ್ನು ಕೊನೆಯಲ್ಲಿ ಯಾರು ನೋಡಿಕೊಂಡರು ಅನ್ನುವ ಜಗಳದಿಂದ ಎರಡು ವರ್ಷ ಅಕ್ಕನ ಜೊತೆ ಮಾತಿಲ್ಲ. ತಪ್ಪು ಅವಳದೇ ಜಾಸ್ತಿ. ಅದು ಬೇರೆ ವಿಷಯ ಬಿಡಿ.’

ಬಿಡುವುದಿಲ್ಲ.

ಆ ಜಾಗದಲ್ಲಿ ಯೇಸು ಹೇಳುವುದು ಏನು? ಕಾಣಿಕೆ ಹಿಡಿದು ಯಜ್ಞವೇದಿಯ ಹತ್ತಿರ ಬಂದಿದ್ದೀಯ. ನಿನ್ನ ಸಹೋದರನಿಗೆ ನಿನ್ನ ಮೇಲೆ ಏನೋ ಬೇಸರವಿದೆ ಅಂತ ಅಲ್ಲಿ ನೆನಪಾಯಿತು. ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗು, ಮೊದಲು ಅವನ ಜೊತೆ ಒಂದಾಗು, ಆಮೇಲೆ ಬಾ. ಗಮನಿಸಿ, ‘ನಿನಗೆ ಅವನ ಮೇಲೆ ಬೇಸರವಿದ್ದರೆ’ ಅಂತ ಇಲ್ಲ. ಅವನಿಗೆ ನಿನ್ನ ಮೇಲೆ ಇದ್ದರೆ, ಅಂತ ಇದೆ. ತಪ್ಪು ಯಾರದು ಜಾಸ್ತಿ, ಯಾರದು ಕಡಿಮೆ ಅನ್ನುವ ತಕ್ಕಡಿ ಅಲ್ಲಿ ಇಲ್ಲವೇ ಇಲ್ಲ. ಅಂದ ಹಾಗೆ ‘ಜಾಸ್ತಿ’ ಅಂದಿದ್ದು ನೀವೇ. ಉಳಿದದ್ದು ಯಾರದು?

ದೇವರೇ ಮಾತಾಡಿದರು ಅಂತ ಮುದ್ರೆ ಒತ್ತಿಕೊಡಲು ನಾನು ಯಾರೂ ಅಲ್ಲ. ಆದರೆ ನಿಮ್ಮ ಆರು ವರ್ಷದ ಓದಿನಲ್ಲಿ ಪುಸ್ತಕ ನಿಮ್ಮನ್ನು ಮುಟ್ಟಿದ್ದು ಅದೊಂದೇ ಜಾಗದಲ್ಲಿ. ಸುಮ್ನೆ ಅಕ್ಷರವಾಗಿದ್ದರೆ ಕಿರಿಕಿರಿ ಯಾಕಾಗಬೇಕಿತ್ತು? ನೀವು ಕಾಯುತ್ತಿದ್ದದ್ದು ಎದೆ ತಂಪಾಗಿಸುವ ದನಿಗೆ. ಬಂದದ್ದು ಅಕ್ಕನ ಹೆಸರು.

ಬೈಬಲಿನಲ್ಲಿ ದೇವಾಲಯದಲ್ಲೇ ಬೆಳೆಯುತ್ತಿದ್ದ ಹುಡುಗ ಸಮುವೇಲನಿಗೂ ಹೀಗೇ ಆಯಿತು. ರಾತ್ರಿ ಯಾರೋ ಕರೆದರೆ ಎದ್ದು ಅಲ್ಲಿನ ಮುದುಕ ಯಾಜಕ ಏಲಿಯ ಹತ್ತಿರ ಓಡಿದ. ಮೂರು ಸಲ. ದೇವರ ದನಿ ಅವನಿಗೆ ಮನೆಯವರ ದನಿಯ ಹಾಗೇ ಕೇಳಿಸಿತು. ಏಲಿ ಅವನ ಪಾಪ ಕೆದಕಲಿಲ್ಲ. ‘ಹೋಗಿ ಮಲಗು, ಮತ್ತೆ ಕರೆದರೆ ಹೀಗೆ ಉತ್ತರ ಕೊಡು’ ಅಂದ, ಅಷ್ಟೇ. ‘ನಿನ್ನ ದಾಸನು ಕೇಳುತ್ತಾನೆ’ ಎನ್ನುವ ಆ ಉತ್ತರವನ್ನು ಚೌಕಟ್ಟು ಹಾಕಿಸಿ ಗೋಡೆಗೆ ನೇತು ಹಾಕುತ್ತಾರೆ. ಅದರ ಮುಂದಿನ ಸಾಲುಗಳನ್ನು ಯಾರೂ ನೇತು ಹಾಕುವುದಿಲ್ಲ. ಏಲಿಯ ಮನೆತನಕ್ಕೆ ಬರಲಿದ್ದ ಶಿಕ್ಷೆಯ ಸುದ್ದಿ ಅದು. ಹುಡುಗ ಬೆಳಗಿನ ತನಕ ಮಲಗಿಯೇ ಇದ್ದ, ಹೇಳಲು ಹೆದರಿದ.

ಹಾಗಾದರೆ ಕೂಟದಾಕೆ ಹೇಳಿದ್ದೇ ಸರಿಯಾಯಿತಲ್ಲ ಅಂತ ಕೇಳಬಹುದು. ಇಲ್ಲ. ಪಾಪದಿಂದಾಗಿ ದೇವರು ಸುಮ್ಮನಿದ್ದಾರೆ ಅಂತ ಆಕೆ ಅಂದರು. ನನಗೆ ಕಾಣುವುದು ಉಲ್ಟಾ. ಸುಮ್ಮನಿದ್ದದ್ದು ದೇವರಲ್ಲ.

ನೀವು ಕಟ್ಟಿದ ಸಾಕ್ಷಿಯ ಬಗ್ಗೆಯೂ ಒಂದು ಮಾತು. ಆರಿಸಿದ್ದು ಯೆರೆಮೀಯ 29:11. ನಿಮಗಾಗಿ ಒಳ್ಳೆಯ ಯೋಚನೆ ಇಟ್ಟುಕೊಂಡಿದ್ದೇನೆ ಎನ್ನುವ ವಚನ. ಎಲ್ಲರೂ ಅದನ್ನೇ ಆರಿಸುತ್ತಾರೆ. ಅದು ಬಾಬಿಲೋನಿಗೆ ಸೆರೆ ಹೋದ ಜನರಿಗೆ ಬರೆದ ಪತ್ರದ ಮಾತು. ಅದರ ಹಿಂದಿನ ವಚನದಲ್ಲೇ 70 ವರ್ಷ ಕಾಯಬೇಕು ಅಂತ ಇದೆ. ಅಷ್ಟರಲ್ಲಿ ಅದನ್ನು ಕೇಳಿದ ಹಿರಿಯರಲ್ಲಿ ಎಷ್ಟು ಜನ ಉಳಿದಿದ್ದಾರು? ಅಲ್ಲಿಯ ತನಕ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಅನ್ನುತ್ತದೆ ಆ ಪತ್ರ. ಹಿಂದೆಮುಂದೆ ಓದದೆ ಒಂದು ವಚನ ಕಿತ್ತುಕೊಂಡರೆ ನಮಗೆ ಕೇಳುವುದು ಹೆಚ್ಚಾಗಿ ನಮ್ಮದೇ ದನಿ. ಕಣ್ಣು ಮುಚ್ಚಿ ಪುಟ ತೆರೆದು ಬೆರಳಿಡುವುದನ್ನೂ ಒಮ್ಮೆ ಮಾಡಿದೆ, ಪೂರ್ವಕಾಲವೃತ್ತಾಂತದ ವಂಶಾವಳಿ ಬಂತು ಅಂತ ಬರೆದಿದ್ದೀರಿ. ನಗು ಬಂತು, ಕ್ಷಮಿಸಿ. ಹಾಗೆ ಶಕುನ ನೋಡುವುದನ್ನು ಸಭೆಯ ಹಿರಿಯರು ಕ್ರಿ.ಶ. 506ರಲ್ಲೇ ಈಗಿನ ಫ್ರಾನ್ಸಿನ ಆಗ್ಡ್‌ನಲ್ಲಿ ಸೇರಿ ನಿಷೇಧಿಸಿದ್ದರು.

ಏನು ಮಾಡಬೇಕು ಅಂತ ಪಟ್ಟಿ ಕೇಳಿದ್ದೀರಿ. ಪಟ್ಟಿ ನಿಮ್ಮ ಹತ್ತಿರ ಈಗಾಗಲೇ ಜಾಸ್ತಿ ಇದೆ. ನಾನು ಹೇಳುವುದು ಒಂದೇ. ಮುಂದಿನ ಕೂಟಕ್ಕೆ ಮೊದಲು ಅಕ್ಕನಿಗೆ ಫೋನ್ ಮಾಡಿ. ಮೆಸೇಜ್ ಬೇಡ. ಅಮ್ಮನ ವಿಷಯ ಮೊದಲ ದಿನವೇ ಎತ್ತಬೇಡಿ, ವಚನವನ್ನಂತೂ ಬಾಯಲ್ಲೇ ತರಬೇಡಿ. ‘ಹೇಗಿದ್ದೀಯಾ ಅಕ್ಕ’ ಅಂದರೆ ಸಾಕು. ಎತ್ತದಿದ್ದರೆ ಮರುದಿನ ಮತ್ತೆ ಮಾಡಿ. ಸಮುವೇಲನಿಗೂ ನಾಲ್ಕು ಸಲ ಕರೆಯಬೇಕಾಯಿತು.

ಮಾತಾಡಿದ ಮೇಲೆ ಅದನ್ನು ಕೂಟದಲ್ಲಿ ಸಾಕ್ಷಿ ಅಂತ ಹೇಳಬೇಡಿ. ನಿಮ್ಮ ಸರದಿ ಬಂದರೆ ‘ಈ ವಾರ ಹೇಳುವುದಕ್ಕೆ ಏನೂ ಇಲ್ಲ’ ಅಂದು ಪಕ್ಕದವರಿಗೆ ಬಿಟ್ಟುಕೊಡಿ.